ಅನಾಥಾಲಯ ತೆರೆಯಲು ಕರುಣೆಯೊಂದೇ ಸಾಕೇ?

ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೆ ಹಳ್ಳಿಗಳ ಬಸ್ ನಿಲ್ದಾಣದ ಗೋಡೆಗಳ ಮೇಲೆ, ಕಿರಾಣಿ ಅಂಗಡಿಯ ಕಂಬಗಳ ಮೇಲೆ ಕರಪತ್ರಗಳು ಕಾಣಿಸಿಕೊಳ್ಳುತ್ತವೆ. ‘ಬಡ ಹಾಗೂ ಅನಾಥ ಮಕ್ಕಳಿಗೆ ಉಚಿತ ಊಟ, ವಸತಿ, ಶಿಕ್ಷಣ. ಕೂಡಲೇ ಸಂಪರ್ಕಿಸಿ.’ ಕೆಳಗೊಂದು ಟ್ರಸ್ಟಿನ ಹೆಸರು, ಒಂದು ಮೊಬೈಲ್ ಸಂಖ್ಯೆ. ಗಂಡನನ್ನು ಕಳೆದುಕೊಂಡು ಕೂಲಿಗೆ ಹೋಗುವ ತಾಯಿಗೆ, ಗುಳೆ ಹೊರಟ ದಂಪತಿಗೆ, ಮೊಮ್ಮಕ್ಕಳನ್ನು ಸಾಕಲಾರದ ಅಜ್ಜಿಗೆ ಅದು ದೇವರೇ ಕಳಿಸಿದ ಕಾಗದದಂತೆ ಕಾಣುತ್ತದೆ. ಎಷ್ಟೋ ಸಲ ಅದು ನಿಜವೂ ಆಗಿರುತ್ತದೆ. ಆದರೆ ಅಂಥ ಕರಪತ್ರದಲ್ಲಿ ಇರಲೇಬೇಕಾದ, ಇಲ್ಲದಿದ್ದರೂ ಯಾರೂ ಕೇಳದ ಒಂದು ಸಾಲಿದೆ. ಅದು ಮಕ್ಕಳ ಪಾಲನಾ ಸಂಸ್ಥೆಯೆಂಬ ನೋಂದಣಿಯ ಸಂಖ್ಯೆ.

ಕಾಯ್ದೆಯ ಭಾಷೆಯಲ್ಲಿ ಅದು ‘ನೋಂದಣಿ’. ಜನರ ಬಾಯಲ್ಲಿ ಲೈಸೆನ್ಸು, ಪರವಾನಗಿ. ಹೋಟೆಲು ತೆರೆಯಲು, ಔಷಧಿ ಅಂಗಡಿ ಇಡಲು, ಬಾಡಿಗೆ ಟ್ಯಾಕ್ಸಿ ಓಡಿಸಲು ಪರವಾನಗಿ ಬೇಕೆಂಬುದು ಎಲ್ಲರಿಗೂ ಗೊತ್ತು. ಮಕ್ಕಳನ್ನು ಇಟ್ಟುಕೊಂಡು ಸಾಕಲು ಪರವಾನಗಿ ಬೇಕೆಂದರೆ ಮಾತ್ರ ಓದಿದವರೂ ಹುಬ್ಬೇರಿಸುತ್ತಾರೆ. ‘ಪುಣ್ಯದ ಕೆಲಸಕ್ಕೂ ಸರ್ಕಾರದ ಅಪ್ಪಣೆಯೇ?’ ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಪ್ರಶ್ನೆ ಅನ್ಯಾಯದ್ದೇನೂ ಅಲ್ಲ. ಉತ್ತರ ಮಾತ್ರ ಸ್ವಲ್ಪ ಉದ್ದದ್ದು.

ಟ್ರಸ್ಟ್ ಬೇರೆ, ಮಕ್ಕಳ ಗೃಹ ಬೇರೆ

ಮೊದಲಿಗೆ ಬಹಳ ಜನರನ್ನು ದಾರಿ ತಪ್ಪಿಸುವ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಟ್ರಸ್ಟ್ ಪತ್ರ ನೋಂದಾಯಿಸುವುದು ದೊಡ್ಡ ಕೆಲಸವಲ್ಲ. ಆ ಪತ್ರದ ಬಲದಿಂದ ಬ್ಯಾಂಕಿನಲ್ಲಿ ಖಾತೆ ತೆರೆಯಬಹುದು, ದೇಣಿಗೆ ಪಡೆಯಬಹುದು, ರಸೀದಿ ಕೊಡಬಹುದು, ಬಾಗಿಲ ಮೇಲೆ ‘ಸರ್ಕಾರದಿಂದ ನೋಂದಾಯಿತ’ ಎಂಬ ಫಲಕವನ್ನೂ ತೂಗುಹಾಕಬಹುದು. ಸಂಸ್ಥೆಯೊಂದರ ಹೆಸರಿನಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಇಟ್ಟುಕೊಳ್ಳುವ ಅಧಿಕಾರ ಮಾತ್ರ ಆ ಪತ್ರದಿಂದ ಬರುವುದಿಲ್ಲ. ಫಲಕ ಓದಿದ ತಾಯಿಗೆ ಈ ವ್ಯತ್ಯಾಸ ತಿಳಿಯುವುದು ಹೇಗೆ?

ಆ ಅಧಿಕಾರ ಬರುವುದು ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ 41ನೇ ಸೆಕ್ಷನ್ನಿನಿಂದ. 2016ರ ಜನವರಿ 15ರಿಂದ ಈ ಕಾಯ್ದೆ ಜಾರಿಯಲ್ಲಿದೆ. ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳಿಗೆ ಪೂರ್ಣವಾಗಿಯಾಗಲಿ ಭಾಗಶಃವಾಗಿಯಾಗಲಿ ವಸತಿ ಕೊಡುವ ಪ್ರತಿಯೊಂದು ಸಂಸ್ಥೆಯೂ ನೋಂದಾಯಿಸಿಕೊಳ್ಳಬೇಕು. ಸರ್ಕಾರವೇ ನಡೆಸುವ ಗೃಹವಾದರೂ ಸರಿ, ಸರ್ಕಾರದಿಂದ ಒಂದು ಪೈಸೆಯನ್ನೂ ಪಡೆಯದ ಖಾಸಗಿ ಗೃಹವಾದರೂ ಸರಿ. ‘ನಾವು ಅನುದಾನ ಕೇಳಿಲ್ಲ, ನಮಗೇಕೆ ನೋಂದಣಿ?’ ಎಂಬ ವಾದಕ್ಕೆ ಇಲ್ಲಿ ಜಾಗವಿಲ್ಲ. ನೋಂದಣಿಯಿಲ್ಲದೆ ನಡೆಸಿದರೆ ಹೊಣೆಗಾರರಿಗೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ. ಅರ್ಜಿ ಹಾಕಲು ತಡಮಾಡಿದ ಪ್ರತಿ 30 ದಿನಗಳೂ ಒಂದೊಂದು ಪ್ರತ್ಯೇಕ ಅಪರಾಧ.

ಕಾಲೇಜು ವಿದ್ಯಾರ್ಥಿಗಳ ಹಾಸ್ಟೆಲು, ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯ ಇವುಗಳ ಮಾತು ಬೇರೆ. ಅಲ್ಲಿ ಮಗು ಓದಲು ಹೋಗಿರುತ್ತದೆ, ಹಬ್ಬಕ್ಕೆ ಮನೆಗೆ ಬರುತ್ತದೆ, ಬೈದರೆ ಹೇಳಿಕೊಳ್ಳಲು ಮನೆಯವರಿರುತ್ತಾರೆ. ಹೇಳಿಕೊಳ್ಳಲು ಯಾರೂ ಇಲ್ಲದ, ಇದ್ದರೂ ಅವರ ಕೈ ಸೋತಿರುವ ಮಗುವಿನ ವಿಷಯಕ್ಕೇ ಈ ಕಾಯ್ದೆ.

ಕಾಯ್ದೆ ಹಳೆಯದು, ನಿರ್ಲಕ್ಷ್ಯವೂ ಹಳೆಯದು

ಇದೇನೂ ಇತ್ತೀಚಿನ ಕಲ್ಪನೆಯಲ್ಲ. ಮಹಿಳೆಯರ ಮತ್ತು ಮಕ್ಕಳ ಸಂಸ್ಥೆಗಳ ಲೈಸೆನ್ಸಿಗೆಂದೇ 1956ರಲ್ಲಿ ಒಂದು ಕೇಂದ್ರ ಕಾಯ್ದೆ ಬಂತು. ಅನಾಥಾಲಯಗಳ ಮೇಲ್ವಿಚಾರಣೆಗೆ 1960ರಲ್ಲಿ ಇನ್ನೊಂದು. ಬಾಲನ್ಯಾಯ ಕಾಯ್ದೆ 1986ರಲ್ಲಿ ಬಂದು, 2000ದಲ್ಲಿ ಹೊಸ ರೂಪ ಪಡೆಯಿತು. 2006ರ ತಿದ್ದುಪಡಿ ನೋಂದಣಿಯನ್ನು ಕಡ್ಡಾಯ ಮಾಡಿತು. ಇಷ್ಟೆಲ್ಲ ಆದ ಮೇಲೂ ದೇಶದಲ್ಲಿ ಇಂಥ ಗೃಹಗಳೆಷ್ಟು ಎಂಬ ಲೆಕ್ಕವೇ ಸರಿಯಾಗಿರಲಿಲ್ಲ. ತಮಿಳುನಾಡಿನ ಅನಾಥಾಲಯಗಳಲ್ಲಿ ಮಕ್ಕಳ ಶೋಷಣೆ ಕುರಿತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರ ಮೇ ತಿಂಗಳಲ್ಲಿ ತೀರ್ಪು ನೀಡಿ, ದೇಶದ ಎಲ್ಲ ಗೃಹಗಳ ನೋಂದಣಿಯನ್ನು ಆ ವರ್ಷದ ಡಿಸೆಂಬರ್ 31ರೊಳಗೆ ಮುಗಿಸಬೇಕೆಂದು ಆದೇಶಿಸಬೇಕಾಯಿತು. ಕೇಂದ್ರ ಸರ್ಕಾರ ಮಾಡಿಸಿದ ಸಮೀಕ್ಷೆಯ ವರದಿ 2018ರಲ್ಲಿ ಬಂದಾಗ ಪಟ್ಟಿಗೆ ಸಿಕ್ಕಿದ್ದ ಗೃಹಗಳು 9,589. ಸಮೀಕ್ಷೆಯ ವೇಳೆಗೆ ಅವುಗಳಲ್ಲಿ ಬಾಲನ್ಯಾಯ ಕಾಯ್ದೆಯಡಿ ನೋಂದಣಿಯಾಗಿದ್ದವು ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮಾತ್ರ.

ಹಾಸಿಗೆಯ ಅಳತೆ, ಹುಣಸೆಹಣ್ಣಿನ ತೂಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಹುಟ್ಟಿದ ಕಾಲಕ್ಕೆ ಮಕ್ಕಳ ಗೃಹ ತೆರೆಯುವ ಕಷ್ಟ ಯಾರಿಗೂ ತಿಳಿದಿರಲಿಕ್ಕಿಲ್ಲ. ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಮಾದರಿ ನಿಯಮಗಳು ಮಗುವಿನ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಅಳೆದು ತೂಗಿ ಇಟ್ಟಿವೆ.

ಮಲಗುವ ಕೋಣೆಯಿಂದಲೇ ಶುರುಮಾಡಬಹುದು. ಒಂದು ಮಗುವಿಗೆ 40 ಚದರ ಅಡಿ ಜಾಗ, ಅಂದರೆ ಎಂಟು ಅಡಿ ಉದ್ದ, ಐದು ಅಡಿ ಅಗಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ನಾಡಿನಲ್ಲಿ ಕಾಲಿನಷ್ಟು ಹಾಸಿಗೆ ಕೊಡು ಎನ್ನುತ್ತದೆ ನಿಯಮ. 25 ಮಕ್ಕಳಿಗೆ 1,000 ಚದರ ಅಡಿಯ ಒಂದು ಶಯನಕೋಣೆ, 50 ಮಕ್ಕಳಿಗೆ ಅಂಥವು ಎರಡು. ಜೊತೆಗೆ ಪಾಠದ ಕೋಣೆ, ಕಾಯಿಲೆ ಬಿದ್ದವರಿಗೆ ಬೇರೆ ಕೋಣೆ, ಅಡುಗೆಮನೆ, ಉಗ್ರಾಣ, ಊಟದ ಹಜಾರ, ಗ್ರಂಥಾಲಯ, ಆಪ್ತಸಮಾಲೋಚನೆಗೆ ಒಂದು ಕೋಣೆ, ಐದು ಬಚ್ಚಲು, ಎಂಟು ಶೌಚಾಲಯ, ಆಟದ ಬಯಲು. ಎಲ್ಲ ಸೇರಿ ಕಟ್ಟಡವೇ ಸುಮಾರು 8,500 ಚದರ ಅಡಿ ತೂಗುತ್ತದೆ. ‘ನಮ್ಮದೊಂದು ಮೂವತ್ತು-ನಲವತ್ತು ಸೈಟಿನಲ್ಲಿ ಮನೆ ಖಾಲಿ ಬಿದ್ದಿದೆ, ಐವತ್ತು ಮಕ್ಕಳನ್ನು ಸಾಕೋಣ’ ಎಂದು ಹೊರಡುವ ಧರ್ಮಾತ್ಮರು ಮೊದಲು ಮುಗ್ಗರಿಸುವುದು ಇಲ್ಲಿಯೇ. ಆ ಸೈಟಿನ ಒಟ್ಟು ಅಳತೆ 1,200 ಚದರ ಅಡಿ.

ಊಟದ ಪಟ್ಟಿ ಇನ್ನೂ ಸ್ವಾರಸ್ಯದ್ದು. ಒಂದು ಮಗುವಿಗೆ ದಿನಕ್ಕೆ 600 ಗ್ರಾಂ ಧಾನ್ಯ. ಅದರಲ್ಲಿ ಕನಿಷ್ಠ 100 ಗ್ರಾಂ ಗೋಧಿ, ರಾಗಿ ಅಥವಾ ಜೋಳ ಇರಬೇಕು. ಹದಿನಾರು ದಾಟಿದವರಿಗೆ ಧಾನ್ಯ 700 ಗ್ರಾಂ. ಬೇಳೆ 120 ಗ್ರಾಂ, ಹಾಲು 150 ಮಿಲಿಲೀಟರು. ಒಗ್ಗರಣೆಯ ಬೆಳ್ಳುಳ್ಳಿ, ಸಾರಿನ ಹುಣಸೆಹಣ್ಣಿಗೂ ಐದೈದು ಗ್ರಾಮಿನ ಲೆಕ್ಕವಿದೆ. ಇದನ್ನು ನೋಡಿ ನಗುವವರಿದ್ದಾರೆ. ಯಾವ ತಾಯಿ ಹುಣಸೆಹಣ್ಣನ್ನು ತೂಗಿ ಹಾಕುತ್ತಾಳೆ ಎಂದು ಕೇಳುವವರಿದ್ದಾರೆ. ತಾಯಿ ತೂಗುವುದಿಲ್ಲ, ನಿಜ. ಮಗು ‘ಇನ್ನೂ ಸ್ವಲ್ಪ ಹಾಕು’ ಎಂದು ಅವಳನ್ನು ಕೇಳಬಲ್ಲದು. ಹಾಗೆ ಕೇಳಲು ಹೆದರುವ ಮಗುವಿನ ತಟ್ಟೆಯ ಮುಂದೆ ತಕ್ಕಡಿ ಇಡುವುದು ಅನಿವಾರ್ಯ.

ನಿಯಮಗಳಲ್ಲೆಲ್ಲ ಅತ್ಯಂತ ಜಾಣತನದ್ದೆಂದರೆ ಸಲಹಾ ಪೆಟ್ಟಿಗೆಯದು. ಪ್ರತಿ ಗೃಹದಲ್ಲೂ ಮಕ್ಕಳು ಚೀಟಿ ಬರೆದು ಹಾಕಲು ಒಂದು ಪೆಟ್ಟಿಗೆ ಇರಬೇಕು. ಅದು ಕಚೇರಿಯಿಂದ ದೂರ, ಮಕ್ಕಳು ಮಲಗುವ ಕೋಣೆಗಳಿಗೆ ಹತ್ತಿರ ಇರಬೇಕು. ಕೀಲಿಕೈ ಇರುವುದು ವ್ಯವಸ್ಥಾಪನಾ ಸಮಿತಿಯ ಅಧ್ಯಕ್ಷರ ವಶದಲ್ಲಿ. ವಾರಕ್ಕೊಮ್ಮೆ ಮಕ್ಕಳ ಸಮಿತಿಯ ಸದಸ್ಯರ ಎದುರಿನಲ್ಲೇ ಅದನ್ನು ತೆರೆಯಬೇಕು. ಮಕ್ಕಳ ಸಮಿತಿ ಎಂದರೆ ಆರು ವರ್ಷ ದಾಟಿದ ಮಕ್ಕಳು ತಮ್ಮತಮ್ಮ ವಯಸ್ಸಿನ ಗುಂಪಿನಲ್ಲಿ ಮಾಡಿಕೊಳ್ಳುವ ಸಮಿತಿ. ಪೆಟ್ಟಿಗೆಯನ್ನು ಎಲ್ಲಿ ಇಡಬೇಕೆಂದು ಬರೆದವರಿಗೆ ಮಕ್ಕಳ ಭಯದ ಪರಿಚಯವಿತ್ತು ಎನ್ನಲಡ್ಡಿಯಿಲ್ಲ.

ಕಡತ ನಡೆಯುವ ದಾರಿ

ಜಾಗ, ಜನ ಎರಡೂ ಸಿದ್ಧವಾದ ಮೇಲೆ ಅರ್ಜಿ. ನಮೂನೆ 27ರಲ್ಲಿ ಅರ್ಜಿ ತುಂಬಿ, ಸಂಸ್ಥೆಯ ನಿಯಮಾವಳಿ, ಆಡಳಿತ ಮಂಡಳಿಯ ಮತ್ತು ಪದಾಧಿಕಾರಿಗಳ ಪಟ್ಟಿ, ಹಿಂದಿನ ಮೂರು ವರ್ಷಗಳ ಲೆಕ್ಕಪತ್ರ, ಮಾಡಿದ ಸಮಾಜಸೇವೆಯ ವಿವರ ಇಷ್ಟನ್ನು ಲಗತ್ತಿಸಬೇಕು. ಇವುಗಳ ಜೊತೆಗೆ ಒಂದು ಘೋಷಣಾಪತ್ರ: ಹಿಂದೆ ಯಾವುದಾದರೂ ಅಪರಾಧದಲ್ಲಿ ಶಿಕ್ಷೆಯಾಗಿದೆಯೇ, ಮಕ್ಕಳ ಮೇಲಿನ ದೌರ್ಜನ್ಯದಲ್ಲಿ ಭಾಗಿಯಾದದ್ದುಂಟೇ, ಬಾಲಕಾರ್ಮಿಕರನ್ನು ದುಡಿಸಿಕೊಂಡದ್ದುಂಟೇ, ಸಂಸ್ಥೆ ಕಪ್ಪುಪಟ್ಟಿಗೆ ಸೇರಿತ್ತೇ ಎಂಬುದನ್ನು ಬರೆದು ಸಹಿ ಹಾಕಬೇಕು.

ನಮ್ಮ ರಾಜ್ಯದಲ್ಲಿ ಈ ವಿಷಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದ್ದು. ಜಿಲ್ಲೆಯಲ್ಲಿ ಇದನ್ನು ನೋಡಿಕೊಳ್ಳುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದ್ದು, ಅಂದಿನಿಂದ ಜಿಲ್ಲಾಧಿಕಾರಿಯವರ ಶಿಫಾರಸನ್ನು ಪರಿಗಣಿಸಿದ ಮೇಲೆಯೇ ಗೃಹದ ಉದ್ದೇಶ ಮತ್ತು ಎಷ್ಟು ಮಕ್ಕಳೆಂಬ ಮಿತಿ ನಿಗದಿಯಾಗಬೇಕು.

ಸರ್ಕಾರದ ಕಡತವೆಂದರೆ ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಭಯ ಇದ್ದದ್ದೇ. ಕಾಯ್ದೆ ಬರೆದವರಿಗೂ ಆ ಭಯವಿದ್ದಂತಿದೆ. ಅರ್ಜಿ ಬಂದ ಒಂದು ತಿಂಗಳೊಳಗೆ ಸರ್ಕಾರ ತಾತ್ಕಾಲಿಕ ನೋಂದಣಿ ಕೊಡಬೇಕು. ಕೊಡದಿದ್ದರೆ ಅರ್ಜಿ ತಲುಪಿದ್ದಕ್ಕೆ ಸಿಕ್ಕ ಸ್ವೀಕೃತಿಯೇ ತಾತ್ಕಾಲಿಕ ನೋಂದಣಿ ಎನಿಸಿಕೊಳ್ಳುತ್ತದೆ. ಹಾಗಾಗಿ ಆ ಸಣ್ಣ ಚೀಟಿಯನ್ನು ಜೋಪಾನವಾಗಿಡಬೇಕು. ತಾತ್ಕಾಲಿಕ ನೋಂದಣಿಯ ಆಯುಷ್ಯ ಹೆಚ್ಚೆಂದರೆ ಆರು ತಿಂಗಳು. ಅಷ್ಟರಲ್ಲಿ ಬಚ್ಚಲು, ಬೀಗ, ಸಿಬ್ಬಂದಿ ಎಲ್ಲವೂ ನಿಯಮಕ್ಕೆ ತಕ್ಕಂತೆ ಆಗದಿದ್ದರೆ ಅದು ತಾನಾಗಿ ರದ್ದು. ಆರು ತಿಂಗಳಾದರೂ ಅರ್ಜಿ ಇತ್ಯರ್ಥವಾಗದಿದ್ದರೆ ಅದು ಅಧಿಕಾರಿಯ ಕರ್ತವ್ಯಲೋಪ, ಅವರ ಮೇಲೆ ಇಲಾಖಾ ವಿಚಾರಣೆ. ಪೂರ್ಣ ನೋಂದಣಿ ಸಿಕ್ಕರೆ ಐದು ವರ್ಷ, ಆಮೇಲೆ ನವೀಕರಣ.

ಮಗುವನ್ನು ಆರಿಸುವ ಹಕ್ಕಿಲ್ಲ

ಇಷ್ಟು ದೂರ ಬಂದವರಲ್ಲೂ ಅನೇಕರು ಬೆಚ್ಚಿಬೀಳುವ ಸಂಗತಿ ಇನ್ನೊಂದಿದೆ. ಪರವಾನಗಿ ಸಿಕ್ಕ ಮೇಲೂ ಗೃಹದ ಮುಖ್ಯಸ್ಥರು ತಮಗೆ ಬೇಕೆನಿಸಿದ ಮಗುವನ್ನು ಸೇರಿಸಿಕೊಳ್ಳುವಂತಿಲ್ಲ. ಬೇಡವೆನಿಸಿದ ಮಗುವನ್ನು ಹೊರಗಿಡುವಂತೆಯೂ ಇಲ್ಲ. ಅದನ್ನು ತೀರ್ಮಾನಿಸುವುದು ಮಕ್ಕಳ ಕಲ್ಯಾಣ ಸಮಿತಿ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರಿರುವ ಈ ಸಮಿತಿಯಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಪಾಲನೆಯ ಅಗತ್ಯವಿರುವ ಮಗು ಕಣ್ಣಿಗೆ ಬಿದ್ದರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಮಗುವಿನ ಹಿನ್ನೆಲೆಯನ್ನು ಸಮಾಜಕಾರ್ಯಕರ್ತರಿಂದ 15 ದಿನಗಳೊಳಗೆ ವಿಚಾರಿಸಿ ತಿಳಿಯುತ್ತದೆ. ಆಮೇಲೆಯೇ ಆದೇಶ. ಸಮಿತಿ ಕಳಿಸಿದ ಮಗುವನ್ನು, ಜಾಗ ಇರುವಷ್ಟು ಮಟ್ಟಿಗೆ, ನೋಂದಾಯಿತ ಗೃಹ ಒಪ್ಪಿಕೊಳ್ಳಲೇಬೇಕು.

ಬಾಗಿಲಲ್ಲಿ ಮೊಮ್ಮಗನ ಕೈಹಿಡಿದು ಅಜ್ಜಿಯೊಬ್ಬಳು ನಿಂತಿರುವಾಗ ಇದೆಲ್ಲ ಕಲ್ಲುಹೃದಯದ ಮಾತಿನಂತೆ ಕೇಳುತ್ತದೆ. ಆದರೆ ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಈ ಗೃಹದಲ್ಲಿ ಜಾಗವಿದೆಯೇ ಎಂಬುದಲ್ಲ; ಈ ಹುಡುಗ ಗೃಹಕ್ಕೆ ಸೇರಲೇಬೇಕೇ ಎಂಬುದು. ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯವಾಗಿರಬೇಕೆಂದು ಕಾಯ್ದೆ ತನ್ನ ಮೂಲತತ್ವಗಳಲ್ಲೇ ಹೇಳಿಕೊಂಡಿದೆ. ದೇಣಿಗೆ ಬರುವುದು ಮಕ್ಕಳ ತಲೆ ಎಣಿಸಿ. ಹೀಗಿರುವಾಗ ಖಾಲಿ ಮಂಚವಿರುವ ಗೃಹ ‘ಬೇಡ, ಮಗು ನಿಮ್ಮ ಹತ್ತಿರವೇ ಇರಲಿ’ ಎನ್ನುವುದು ಕಷ್ಟ. ಎಷ್ಟು ಒಳ್ಳೆಯವರಾದರೂ ಕಷ್ಟ. ಆದ್ದರಿಂದಲೇ ಆ ಪ್ರಶ್ನೆಯನ್ನು ಮಂಚದ ಲಾಭನಷ್ಟವಿಲ್ಲದ ಇನ್ನೊಬ್ಬರ ಕೈಗೆ ಕೊಡಲಾಗಿದೆ. ಪರವಾನಗಿಯ ಇಡೀ ಗೋಜಲಿನಲ್ಲಿ ಅತ್ಯಂತ ಬೆಲೆಯುಳ್ಳ ಭಾಗವೆಂದರೆ ಇದು. ದತ್ತು ಕೊಡುವುದಕ್ಕಂತೂ ಬೇರೆಯೇ ಮಾನ್ಯತೆ ಬೇಕು. ಅಡ್ಡದಾರಿಯಲ್ಲಿ ಮಗುವನ್ನು ಕೊಟ್ಟವರು, ಪಡೆದವರು ಇಬ್ಬರೂ ಅಪರಾಧಿಗಳು.

ಹುಟ್ಟುಹಬ್ಬಕ್ಕೆ ಅನಾಥಾಲಯದಲ್ಲಿ ಸಿಹಿಯೂಟ ಹಾಕಿಸುವ ಪದ್ಧತಿಯ ಬಗ್ಗೆಯೂ ಇಲ್ಲೇ ಒಂದು ಮಾತು. ಊಟ ಹಾಕಿಸುವುದರಲ್ಲಿ ತಪ್ಪೇನಿಲ್ಲ. ತಟ್ಟೆ ಹಿಡಿದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಎಲ್ಲೆಡೆ ಹಂಚುವುದಿದೆಯಲ್ಲ, ಅದು ಬೇಡ. ಇಂಥ ಮಕ್ಕಳ ಗುರುತು ಬಯಲು ಮಾಡುವುದನ್ನು ತಡೆಯಲೆಂದೇ ಕಾಯ್ದೆಯಲ್ಲಿ ದಂಡನೆಯ ಸೆಕ್ಷನ್ನಿದೆ.

ಪರವಾನಗಿ ಇದ್ದೂ

ಹಾಗಾದರೆ ಪ್ರಮಾಣಪತ್ರ ಗೋಡೆಯ ಮೇಲಿದ್ದರೆ ನಿಶ್ಚಿಂತೆಯೇ? ಇಲ್ಲ. ಬಿಹಾರದ ಮುಜಫ್ಫರ್‌ಪುರದ ಬಾಲಿಕಾ ಗೃಹ ಕದ್ದುಮುಚ್ಚಿ ನಡೆಯುತ್ತಿದ್ದ ಗೃಹವಲ್ಲ. ಸರ್ಕಾರದ ಹಣದಿಂದಲೇ ನಡೆಯುತ್ತಿದ್ದದ್ದು. ಅಲ್ಲಿನ ಹುಡುಗಿಯರ ಮೇಲೆ ನಡೆದ ಲೈಂಗಿಕ ದೌರ್ಜನ್ಯ ಹೊರಬಂದದ್ದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡವೊಂದು ಬಿಹಾರದ ಗೃಹಗಳ ಸಾಮಾಜಿಕ ಲೆಕ್ಕಪರಿಶೋಧನೆ ಮಾಡಿ 2018ರಲ್ಲಿ ವರದಿ ಕೊಟ್ಟ ಮೇಲೆ. 2020ರಲ್ಲಿ ದೆಹಲಿಯ ನ್ಯಾಯಾಲಯ ತಪ್ಪಿತಸ್ಥರಿಗೆ ಶಿಕ್ಷೆ ವಿಧಿಸಿತು. ಅದೇ 2018ರ ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ದೇವರಿಯಾದಲ್ಲಿ ಗೃಹವೊಂದರಿಂದ ತಪ್ಪಿಸಿಕೊಂಡ ಹುಡುಗಿಯೊಬ್ಬಳು ಪೊಲೀಸರ ಮುಂದೆ ಬಾಯಿ ಬಿಟ್ಟಳು. ಆ ಗೃಹದ ಮಾನ್ಯತೆ ಹಿಂದಿನ ವರ್ಷವೇ ರದ್ದಾಗಿತ್ತು. ರದ್ದಾದ ಕಾಗದ ಕಡತದಲ್ಲಿತ್ತು. ಮಕ್ಕಳು ಗೃಹದಲ್ಲೇ ಇದ್ದರು.

ಕಾಗದವನ್ನು ಜೀವಂತವಾಗಿಡುವುದು ತಪಾಸಣೆ. ಜಿಲ್ಲಾ ತಪಾಸಣಾ ಸಮಿತಿ ಮೂರು ತಿಂಗಳಿಗೆ ಒಮ್ಮೆಯಾದರೂ ಪ್ರತಿ ಗೃಹಕ್ಕೆ ಹೋಗಬೇಕು. ಮೂವರಿಗೆ ಕಡಿಮೆಯಿಲ್ಲದ ತಂಡ, ಅದರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ. ವಾರದೊಳಗೆ ವರದಿ. ಮಕ್ಕಳ ಕಲ್ಯಾಣ ಸಮಿತಿ ತಿಂಗಳಿಗೆ ಎರಡು ಭೇಟಿಯಾದರೂ ಮಾಡಬೇಕು. ಈ ಭೇಟಿಗಳು ಕಚೇರಿಯ ಕುರ್ಚಿಯಲ್ಲಿ ಕೂತು ಚಹಾ ಕುಡಿದು ರಿಜಿಸ್ಟರಿಗೆ ಸಹಿ ಹಾಕುವುದರಲ್ಲಿ ಮುಗಿದರೆ ಸಲಹಾ ಪೆಟ್ಟಿಗೆ ಗೋಡೆಯ ಮೇಲೆ ಹಾಗೆಯೇ ಉಳಿಯುತ್ತದೆ. ಗೃಹದ ಸಿಬ್ಬಂದಿಯೇ ಮಗುವಿನ ಮೇಲೆ ಕ್ರೌರ್ಯ ಎಸಗಿದರೆ ಐದು ವರ್ಷದವರೆಗೆ ಕಠಿಣ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ಎಂದು ಕಾಯ್ದೆ ಹೇಳುತ್ತದೆ. ಆದರೆ ಕ್ರೌರ್ಯ ಯಾರಿಗಾದರೂ ತಿಳಿದರೆ ತಾನೇ ಶಿಕ್ಷೆಯ ಮಾತು?

ಸಮಾಜಕಾರ್ಯ, ಮನಃಶಾಸ್ತ್ರ, ಕಾನೂನು ಓದುತ್ತಿರುವ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇಲ್ಲೇ. ಒಂದು ಗೃಹಕ್ಕೆ ಅಧೀಕ್ಷಕರು, ಆಪ್ತಸಮಾಲೋಚಕರು, ಪರಿವೀಕ್ಷಣಾಧಿಕಾರಿ, ಗೃಹಮಾತೆ ಅಥವಾ ಗೃಹಪಿತ, ಶಿಕ್ಷಕರು, ಶುಶ್ರೂಷಕಿ ಹೀಗೆ ಬಗೆಬಗೆಯ ಜನ ಬೇಕು. ಪ್ರತಿ ಮಗುವಿಗೂ ಪ್ರತ್ಯೇಕ ಪಾಲನಾ ಯೋಜನೆ ಬರೆಯಬೇಕು: ಓದು ಎಲ್ಲಿಗೆ ನಿಂತಿತ್ತು, ರಾತ್ರಿ ಏಕೆ ನಿದ್ದೆ ಬರುವುದಿಲ್ಲ, ಊರಿನಲ್ಲಿ ಚಿಕ್ಕಮ್ಮ ಇದ್ದಾಳೆಯೇ, ಅವಳ ಮನೆಗೆ ಹಿಂದಿರುಗಬಹುದೇ. ಪದವಿಯ ಅಂಕಪಟ್ಟಿಗಿಂತ ತಾಳ್ಮೆ ಹೆಚ್ಚು ಬೇಡುವ ಕೆಲಸ. ಹದಿನೆಂಟು ತುಂಬಿ ಹೊರಬಿದ್ದವರಿಗೆ 21ರವರೆಗೆ ನೆರವು ನೀಡುವ ‘ಅನುಪಾಲನೆ’ಗೂ ಕಾಯ್ದೆಯಲ್ಲಿ ಅವಕಾಶವಿದೆ. ಕಾಲೇಜಿನ ತರಗತಿಯಲ್ಲಿ ಪಕ್ಕದಲ್ಲೇ ಕೂತ ಗೆಳೆಯ ಅಂಥವರಲ್ಲಿ ಒಬ್ಬನಿರಬಹುದು.

ಕಳಿಸುವ ಮೊದಲು

ಮಗುವನ್ನು ಕಳಿಸಲೇಬೇಕಾಗಿ ಬಂದಿರುವ ಹೆತ್ತವರು ಗೃಹಕ್ಕೆ ಸ್ವತಃ ಹೋಗಿ ನೋಡುವುದು ಒಳ್ಳೆಯದು. ಬಾಲನ್ಯಾಯ ಕಾಯ್ದೆಯಡಿ ಪಡೆದ ನೋಂದಣಿ ಪ್ರಮಾಣಪತ್ರ ತೋರಿಸಿ ಎಂದು ಕೇಳಲು ಸಂಕೋಚಪಡಬೇಕಿಲ್ಲ. ಅದರಲ್ಲಿ ಎಷ್ಟು ಮಕ್ಕಳಿಗೆ ಅನುಮತಿ, ಯಾವ ದಿನಾಂಕದವರೆಗೆ ಎಂಬುದನ್ನು ಓದಿ, ಆಮೇಲೆ ಮಂಚಗಳನ್ನು ಎಣಿಸಬೇಕು. ಬಾಲಕಿಯರ ಗೃಹವಾದರೆ ಅಲ್ಲಿನ ಮುಖ್ಯಸ್ಥರು, ಸಿಬ್ಬಂದಿ ಮಹಿಳೆಯರೇ ಆಗಿರಬೇಕು. ‘ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಯಾವಾಗ ಹೋಗೋಣ?’ ಎಂದು ಕೇಳಿದಾಗ ‘ಅದೆಲ್ಲ ಬೇಡ, ಮಗುವನ್ನು ಬಿಟ್ಟುಹೋಗಿ’ ಎಂಬ ಉತ್ತರ ಬಂದರೆ ಮಗುವಿನ ಕೈಹಿಡಿದು ಹಿಂದಿರುಗಬೇಕು. ಅನುಮಾನವಿದ್ದರೆ 1098ಕ್ಕೆ ಕರೆ ಮಾಡಬಹುದು, ಶುಲ್ಕವಿಲ್ಲ.

ಬಡತನವೊಂದೇ ಕಾರಣವಾಗಿದ್ದರೆ ಬೇರೆ ದಾರಿಯೂ ಇದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯಲ್ಲಿ ಪ್ರಾಯೋಜಕತ್ವ ಎಂಬ ನೆರವನ್ನು ಹೇಳಲಾಗಿದೆ. ವಿಧವೆಯರ, ಗಂಡ ಬಿಟ್ಟವರ, ಗುಣವಾಗದ ಕಾಯಿಲೆಗೆ ಸಿಕ್ಕ ತಂದೆತಾಯಿಯರ ಮಕ್ಕಳು ಮನೆಯಲ್ಲೇ ಇದ್ದು ಓದಲು ತಿಂಗಳಿಗೆ 4,000 ರೂಪಾಯಿ. ಮಾರ್ಗಸೂಚಿಯ ಪ್ರಕಾರ ಕುಟುಂಬದ ವಾರ್ಷಿಕ ಆದಾಯ ಹಳ್ಳಿಗಳಲ್ಲಿ 72,000 ರೂಪಾಯಿ, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಇದಕ್ಕೆ ಅರ್ಜಿ ಹಿಡಿದು ಹೋಗಬೇಕಾದದ್ದು ಅದೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ.